ನಾಲ್ಕು ತಾಲೀಮುಗಳ ಊರಲ್ಲಿ ಪೈಲ್ವಾನನ ಮಗ

ಬೀದರಿನ ಹಳೆ ಊರಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ಈಗಲೂ ಎಷ್ಟೋ ಮಂದಿ ತಾಲೀಮಿನ ಹೆಸರು ಹೇಳುತ್ತಾರೆ. ಸಿದ್ದೀಕ್ ಶಾಹ್ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್. ಚೌಬಾರಾ ಗೋಪುರದ ಸುತ್ತ ಹರಡಿಕೊಂಡ ಊರಿನ ನಾಲ್ಕು ಭಾಗಗಳಿಗೆ ನಾಲ್ಕು ವ್ಯಾಯಾಮಶಾಲೆಗಳು. ನಿಜಾಮ ಸರ್ಕಾರದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟವಾದ ತಮ್ಮ ಬೀದರ್ ಗ್ರಂಥದಲ್ಲಿ ಕೋಟೆ, ಗೋರಿ, ಮದರಸಾಗಳ ಸಾಲಿನಲ್ಲಿ ಈ ತಾಲೀಮುಗಳಿಗೂ ಜಾಗ ಕೊಟ್ಟರು. ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನನ ಹೆಸರು ಇಲ್ಲಿಯ ಶಾಲೆ ಮಕ್ಕಳಿಗೂ ಬಾಯಿಪಾಠ. ತಾಲೀಮಿನ ಮಣ್ಣಿನಿಂದ ಎದ್ದು ಬಂದ ಪೈಲ್ವಾನರು ಯಾರ್‍ಯಾರು ಎಂದು ಕೇಳಿ ನೋಡಿ, ಊರು ಮುಖ ಮುಖ ನೋಡಿಕೊಳ್ಳುತ್ತದೆ.

ಕುಸ್ತಿಯ ಬಗ್ಗೆ ನಮ್ಮಲ್ಲಿ ಬರುವ ಬರಹಗಳಿಗೆ ಒಂದೇ ರಾಗ. ಜಿಮ್ ಬಂತು, ಕ್ರಿಕೆಟ್ ಬಂತು, ಮೊಬೈಲ್ ಬಂತು, ಗರಡಿ ಹೋಯಿತು. ಈ ಗೋಳು ಕೇಳಿ ಕೇಳಿ ಸಾಕಾಗಿದೆ. ಶಿವರಾತ್ರಿಯ ಹೊತ್ತಿಗೆ ಔರಾದಿನ ಅಮರೇಶ್ವರ ಜಾತ್ರೆಗೆ ಹೋಗಿ ಬಂದವರಿಗೆ ಕುಸ್ತಿಗೆ ಜನ ಎಷ್ಟು ಸೇರುತ್ತಾರೆಂದು ಹೇಳಿಕೊಡಬೇಕಾಗಿಲ್ಲ. ಭಾಲ್ಕಿ ಸೀಮೆಯ ಹಳ್ಳಿ ಜಾತ್ರೆಗಳಲ್ಲೂ ಅಷ್ಟೇ, ರಥ ಎಳೆದಾದ ಮೇಲೆ ಅಖಾಡದ ಸುತ್ತ ನಿಲ್ಲಲು ಜಾಗ ಸಿಗುವುದಿಲ್ಲ. ಆಟ ಬದುಕಿದೆ. ಅದರ ದೋಷ ಬೇರೆ ಕಡೆ ಇದೆ. ಈ ಪರಂಪರೆ ಪಟ್ಟುಗಳನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಚೊಕ್ಕವಾಗಿ ದಾಟಿಸಿತು, ಪಟ್ಟು ಹಾಕಿದವನ ಹೆಸರನ್ನು ದಾಟಿಸಲೇ ಇಲ್ಲ. ಹೀಗಾಗಿ ಇಲ್ಲಿ ಪೈಲ್ವಾನನ ಮಗ ಅಖಾಡಕ್ಕೆ ಇಳಿದಾಗ ಅವನ ಬೆನ್ನ ಹಿಂದೆ ಏನೂ ಇರುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳಬೇಕು, ಅದು ಸಣ್ಣದಲ್ಲ. ಬೀದರ್ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಕೆಳಗಿಳಿದು ಮಾಂಜ್ರಾ ಕಡೆ ಭಾಲ್ಕಿ, ಔರಾದಿಗೆ ಹೋದರೆ ನೆಲ ಬಹುಮಟ್ಟಿಗೆ ಕಪ್ಪು ಎರೆ. ಅಖಾಡಕ್ಕೆ ಬೇಕಾಗಿರುವುದು ಕೆಂಪು ಮಣ್ಣು. ಎರೆ ಒದ್ದೆಯಾದರೆ ಅಂಟುತ್ತದೆ, ಒಣಗಿದರೆ ಹೆಂಟೆಗಟ್ಟಿ ಮೈ ಕೊಯ್ಯುತ್ತದೆ. ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ, ದಿನವೂ ಗುದ್ದಲಿಯಿಂದ ಅಗೆದು ಹದ ಮಾಡಬೇಕು. ಹೊಸ ಹುಡುಗನ ಮೊದಲ ಪಾಠ ಪಟ್ಟಲ್ಲ, ಈ ಅಗೆತ. ಆಮೇಲೆ ದಂಡ, ಬೈಠಕ್, ಕರೇಲ ಎಂಬ ಮರದ ಗದೆ ಬೀಸುವುದು. ಧೋಬಿ ಪಛಾಡ, ಕಲಾಜಂಗ್, ಢಾಕ್ ಮುಂತಾದ ಪಟ್ಟುಗಳೆಲ್ಲ ಬರುವುದು ಬಹಳ ತಡವಾಗಿ. ಇಂದಿನ ಕೋಚಿಂಗ್ ಶಿಬಿರಗಳಲ್ಲಿ ಇಲ್ಲದ ತಾಳ್ಮೆ ಈ ಕ್ರಮದಲ್ಲಿತ್ತು. ಕತ್ತು, ಸೊಂಟ, ಉಸಿರು ಗಟ್ಟಿಯಾಗುವವರೆಗೆ ಹುಡುಗನನ್ನು ಜೋಡಿಗೆ ಬಿಡುತ್ತಿರಲಿಲ್ಲ.

ಎರಡನೆಯ ಒಳ್ಳೆಯದು, ತಾಲೀಮಿನಲ್ಲಿ ವಂಶಕ್ಕಿಂತ ಶಾಗಿರ್ದಿಕೆ ದೊಡ್ಡದು. ಉಸ್ತಾದ ಮುಸಲ್ಮಾನ, ಶಿಷ್ಯ ಲಿಂಗಾಯತ, ಜೋಡಿ ಕುರುಬರ ಹುಡುಗ ಅಥವಾ ಮರಾಠ ಎಂಬುದು ಈ ಸೀಮೆಯಲ್ಲಿ ಯಾರೂ ಹುಬ್ಬೇರಿಸುವ ಸಂಗತಿಯಾಗಿರಲಿಲ್ಲ. ಹನುಮಂತನ ಪಟಕ್ಕೆ ಕೈ ಮುಗಿದವನ ಬಾಯಲ್ಲಿ ತೊಡೆ ತಟ್ಟುವಾಗ ‘ಯಾ ಅಲಿ’ ಬರುತ್ತಿತ್ತು. ಇದನ್ನು ಸೌಹಾರ್ದ ಸಮ್ಮೇಳನದ ಭಾಷಣಕ್ಕೆ ಬಳಸಿಕೊಳ್ಳುವವರು ಹೆಚ್ಚು. ಆದರೆ ಆ ಅಂಗಳದಲ್ಲಿ ಹೆಣ್ಣಿಗೆ ಪ್ರವೇಶವಿರಲಿಲ್ಲ ಎಂಬುದನ್ನು ಅದೇ ಭಾಷಣಕಾರರು ಮರೆಯುತ್ತಾರೆ. ಹರಿಯಾಣದಲ್ಲಿ ಮಹಾವೀರ್ ಫೋಗಟ್ ಹೆಣ್ಣುಮಕ್ಕಳನ್ನು ಮಣ್ಣಿಗಿಳಿಸಿದಾಗ ಊರಿಗೆ ಊರೇ ಮುನಿಸಿಕೊಂಡಿತಂತೆ. ನಮ್ಮ ತಾಲೀಮುಗಳಿಗೆ ಅಂಥ ಮುನಿಸಿನ ಪ್ರಸಂಗವೂ ಒದಗಲಿಲ್ಲ.

ಈಗ ಹೆಸರಿನ ಮಾತು. ಇದಕ್ಕೆ ಸ್ವಲ್ಪ ದೂರ, ಮೆಕ್ಸಿಕೊದವರೆಗೆ ಹೋಗಿ ಬರಬೇಕು. ಅಲ್ಲಿಯ ಲೂಚಾ ಲಿಬ್ರೆ ಎಂಬ ವೃತ್ತಿ ಕುಸ್ತಿಗೆ ಒಂದು ಸಂಸ್ಥೆಯ ರೂಪ ಬಂದದ್ದು 1933ರಲ್ಲಿ, ಸಾಲ್ವದೋರ್ ಲುತೆರೊತ್ ಎಂಬ ವ್ಯವಹಾರಸ್ಥನಿಂದ. ರೊದೊಲ್ಫೊ ಗುಸ್ಮಾನ್ ಎಂಬ ಕುಸ್ತಿಪಟು 1942ರಲ್ಲಿ ಬೆಳ್ಳಿ ಬಣ್ಣದ ಮುಖವಾಡ ಹಾಕಿಕೊಂಡು ‘ಎಲ್ ಸಾಂತೊ’ ಆದ. ಕಾಮಿಕ್ಸ್ ಬಂದವು, ಹತ್ತಾರು ಸಿನಿಮಾ ಬಂದವು. ಜನ ಅವನ ಮುಖ ನೋಡದೆಯೇ ಅವನನ್ನು ದೇವರ ಪಕ್ಕ ಕೂರಿಸಿದರು. 1984ರಲ್ಲಿ ಸತ್ತಾಗ ಮುಖವಾಡದ ಸಮೇತ ಮಣ್ಣು ಮಾಡಿದರು. ಅಷ್ಟು ಹೊತ್ತಿಗೆ ಅವನ ಕಿರಿಯ ಮಗ ಅಖಾಡದಲ್ಲಿದ್ದ. ಆ ಹುಡುಗ 1982ರಲ್ಲಿ ಮೊದಲು ‘ಎಲ್ ಕೊರಾಕ್’ ಎಂಬ ಬೇರೆ ಹೆಸರಿನಲ್ಲಿ ಆಡಿ, ಅದೇ ವರ್ಷ ಬೆಳ್ಳಿ ಮುಖವಾಡ ತೊಟ್ಟು ‘ಎಲ್ ಇಖೊ ದೆಲ್ ಸಾಂತೊ’, ಅಂದರೆ ಸಾಂತೊನ ಮಗ, ಎಂದು ಮರುಹುಟ್ಟು ಪಡೆದ. ನಾಲ್ಕು ದಶಕ ಆ ಹೆಸರಲ್ಲೇ ದುಡಿದ. ಅಪ್ಪನಿಗಿಂತ ಒಳ್ಳೆಯ ಆಟಗಾರ ಎಂದು ಅಲ್ಲಿಯ ಬಲ್ಲವರೇ ಒಪ್ಪುವುದುಂಟು. ಮುಂದೆ ಸಾಂತೊನ ಮೊಮ್ಮಗನೊಬ್ಬ ಅಜ್ಜನ ಹೆಸರು ಬಳಸಲು ಹೊರಟಾಗ ಜಗಳ ಕಾನೂನಿನ ಮೆಟ್ಟಿಲೇರಿತು. ಹೆಸರು ಅಲ್ಲಿ ಹೊಲ ಮನೆಯಂಥ ಆಸ್ತಿ.

ಇದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಲೂಚಾ ಲಿಬ್ರೆಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಅದು ಮೈ ಮುರಿಯುವ ನಾಟಕ, ಅದರ ಪ್ರೇಕ್ಷಕನಿಗೂ ಅದು ಗೊತ್ತು. ನಮ್ಮಲ್ಲೂ 1950ರ ದಶಕದಲ್ಲಿ ದಾರಾ ಸಿಂಗ್, ಕಿಂಗ್ ಕಾಂಗ್ ಜೋಡಿಯ ಫ್ರೀಸ್ಟೈಲ್ ಕುಸ್ತಿ ಟಿಕೆಟ್ ಕೊಂಡು ನೋಡುವ ಮೋಜಾಗಿತ್ತು. ಅದನ್ನು ನೋಡಿ ಮಣ್ಣಿನ ಪೈಲ್ವಾನರು ಮೂಗು ಮುರಿದರು. ಮುರಿಯಲು ಅವರಿಗೆ ಹಕ್ಕಿತ್ತೇ? ಪೂರ್ತಿ ಇರಲಿಲ್ಲ. ಜಾತ್ರೆಯಲ್ಲಿ ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಅರ್ಧ ಗಂಟೆ ಕತ್ತು ಹಿಡಿದು ತಳ್ಳಾಡಿ, ‘ಬರಾಬರಿ’ ಎನಿಸಿಕೊಂಡು ಇನಾಮು ಹಂಚಿಕೊಳ್ಳುವ ನೂರಾ ಕುಸ್ತಿ ಈ ಭಾಗದ ಪ್ರೇಕ್ಷಕನಿಗೆ ಚೆನ್ನಾಗಿಯೇ ಪರಿಚಿತ. ಮೆಕ್ಸಿಕೊದವರು ಸುಳ್ಳನ್ನು ಕಲೆ ಮಾಡಿದರು. ನಾವು ಸತ್ಯದ ವೇಷದಲ್ಲಿ ಸುಳ್ಳನ್ನು ಸಹಿಸಿಕೊಂಡೆವು. ನಿಕಾಲಿ ಕುಸ್ತಿ, ಚಿತ್ ಆಗುವವರೆಗೂ ಬಿಡಬಾರದು ಎಂದು ಪಂಚರು ಪಟ್ಟು ಹಿಡಿಯಬೇಕಾಗಿ ಬಂದದ್ದೇ ಇದಕ್ಕಾಗಿ.

ಆದರೂ ಮೆಕ್ಸಿಕೊದ ಎರಡನೆಯ ತಲೆಮಾರಿನ ಕುಸ್ತಿಪಟುವಿಗೆ ದಕ್ಕಿದ ಒಂದು ವಸ್ತು ಬೀದರಿನ ಪೈಲ್ವಾನನ ಮಗನಿಗೆ ದಕ್ಕಲಿಲ್ಲ. ಅವನಿಗೆ ಅಪ್ಪನಿಂದ ಬರುವುದು ಮುದುಡಿದ ಕಿವಿಯ ಹೆಮ್ಮೆ, ಮೂಲೆಯಲ್ಲಿ ನಿಲ್ಲಿಸಿದ ಕರೇಲ ಜೋಡಿ, ಹೆಚ್ಚೆಂದರೆ ಒಂದು ಬೆಳ್ಳಿ ಕಡಗ. ಜಾತ್ರೆಯ ಕುಸ್ತಿ ತೆಂಗಿನಕಾಯಿಯ ಇನಾಮಿನಿಂದ ಹುಡುಗರ ಜೋಡಿಯಲ್ಲಿ ಶುರುವಾಗಿ, ಹತ್ತು, ಐವತ್ತು, ನೂರು ರೂಪಾಯಿ ಎಂದು ಏರುತ್ತ, ಸಂಜೆ ಬೆಳ್ಳಿ ಕಡಗದಲ್ಲಿ ಮುಗಿಯುತ್ತದೆ. ಕೂಗುವವನು ಹೇಳುವುದು ಊರಿನ ಹೆಸರು: ಉದಗೀರದವ, ನಾರಾಯಣಖೇಡದವ, ಭಾಲ್ಕಿಯವ. ಗೆದ್ದದ್ದು ಊರು. ಮರುದಿನ ಪೈಲ್ವಾನ ಮತ್ತೆ ಹೊಲದ ಆಳು, ಹಮಾಲ, ಇಲ್ಲವೇ ಲಾರಿ ಕ್ಲೀನರ್. ಹಲಗೆ ಬಾರಿಸಿದವರಿಗೆ ಕೊಟ್ಟ ಬಿದಾಯಿಯ ಲೆಕ್ಕ ಜಾತ್ರಾ ಸಮಿತಿಯ ವಹಿಯಲ್ಲಿ ಸಿಗಬಹುದು, ಕಡಗ ಯಾರ ಕೈಗೆ ಹೋಯಿತು ಎಂಬುದು ಸಿಗುವುದು ಕಷ್ಟ.

ಕಾರಣ ಹುಡುಕಿದರೆ ರಾಜಕೀಯ ಚರಿತ್ರೆ ಅಡ್ಡ ಬರುತ್ತದೆ. ನಿಜಾಮರ ಕಾಲದ ಪೈಲ್ವಾನ ದೇಶಮುಖನ, ಜಾಗೀರದಾರನ ಬಾದಾಮಿ ಹಾಲಿನ ಮೇಲೆ ಬದುಕಿದವನು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆಯಿತು, 1949ರಲ್ಲಿ ಜಾಗೀರುಗಳು ರದ್ದಾದವು. ಆಗಬೇಕಾದದ್ದೇ ಆಯಿತು, ಆ ವಾಡೆಗಳಿಗಾಗಿ ಕಣ್ಣೀರು ಹಾಕುವ ಅಗತ್ಯವಿಲ್ಲ. ಆದರೆ ಅದೇ ಏಟಿಗೆ ಪೈಲ್ವಾನನ ಹಾಲೂ ನಿಂತಿತು. ಕೊಲ್ಹಾಪುರದ ಕಡೆ ಹೀಗಾಗಲಿಲ್ಲ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ ರಾಜರು ಹೋದ ಮೇಲೂ ಉಳಿಯಿತು. ರಾಜರ ಜಾಗಕ್ಕೆ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದು ಪೈಲ್ವಾನರಿಗೆ ತಿಂಗಳ ಮಾನಧನ ಕೊಡತೊಡಗಿದವು. ನಮ್ಮ ಸೀಮೆಯಲ್ಲೂ ಕಬ್ಬು ಬೆಳೆಯಿತು, ಕಾರ್ಖಾನೆ ಎದ್ದವು, ಆ ಪದ್ಧತಿ ಮಾತ್ರ ಬೇರೂರಲಿಲ್ಲ.

1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳು ಹಂಚಿಕೊಂಡವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ. ನಿಲಂಗಾ, ಉದಗೀರ್, ಅಹಮದಪುರ ಮುಂಬಯಿಗೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಜಾತ್ರೆಗಳು ಈ ಗಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಇಂದಿಗೂ ಔರಾದಿನ ಅಖಾಡಕ್ಕೆ ಮೂರು ರಾಜ್ಯದವರು ಇಳಿಯುತ್ತಾರೆ. ಆದರೆ ದಾಖಲೆ ಗಡಿಗೆ ತಕ್ಕಂತೆ ನಡೆಯಿತು. ಮಹಾರಾಷ್ಟ್ರದಲ್ಲಿ 1961ರಲ್ಲಿ ‘ಮಹಾರಾಷ್ಟ್ರ ಕೇಸರಿ’ ಕುಸ್ತಿ ಸ್ಪರ್ಧೆ ಶುರುವಾಯಿತು. ಗೆದ್ದವನಿಗೆ ಗದೆ, ಗೆದ್ದವನ ಹೆಸರಿಗೆ ಪಟ್ಟಿಯಲ್ಲಿ ಕಾಯಂ ಜಾಗ. 1969ರ ಕೇಸರಿ ಹರಿಶ್ಚಂದ್ರ ಬಿರಾಜದಾರ್ ನಿಲಂಗಾ ತಾಲ್ಲೂಕಿನವರು. 1950ರಲ್ಲಿ ಅವರು ಹುಟ್ಟಿದಾಗ ಅದು ಬೀದರ್ ಜಿಲ್ಲೆಯ ತಾಲ್ಲೂಕು. ಮುಂದೆ ಅವರು ಪುಣೆಯಲ್ಲಿ ಗೋಕುಲ ವಸ್ತಾದ್ ತಾಲೀಮಿನ ಗುರುವಾಗಿ ಪಟ್ಟುಗಳ ಜತೆ ಒಂದು ಹೆಸರನ್ನೂ ಶಿಷ್ಯರಿಗೆ ಕೊಟ್ಟರು. ಭಾಲ್ಕಿಯಿಂದ ನಿಲಂಗಾಕ್ಕೆ ಹೆಚ್ಚು ದೂರವಿಲ್ಲ. ಅಲ್ಲಿಯ ಹುಡುಗನಿಗೆ ಹೇಳಿಕೊಳ್ಳಲು ಒಬ್ಬ ಹಿರಿಯನಿದ್ದಾನೆ, ಇಲ್ಲಿಯ ಹುಡುಗ ಅದೇ ಹಿರಿಯನನ್ನು ಪರರಾಜ್ಯದವನೆಂದು ಕಾಣುತ್ತಾನೆ. ಚಿಕ್ಕೋಡಿ ಕಡೆಯ ಎಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ದೇಶಮಟ್ಟದ ಬಿರುದಾದ ಹಿಂದ್ ಕೇಸರಿ ಗೆದ್ದದ್ದೂ ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದು. ನಮ್ಮ ಗಡಿಯ ಪೈಲ್ವಾನರು ಹೆಸರು ಮಾಡಬೇಕಾದರೆ ಗಡಿ ದಾಟಲೇಬೇಕು ಎಂಬುದು ಕರ್ನಾಟಕಕ್ಕೆ ಶೋಭೆ ತರುವ ಮಾತಲ್ಲ.

ಮ್ಯಾಟ್ ಕುಸ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಮೂರು ನಿಮಿಷದ ಎರಡು ಸುತ್ತು, ಅಂಕ, ತೂಕದ ವಿಭಾಗ. ಅದರ ಹಾದಿ ದಾವಣಗೆರೆಯ ಕ್ರೀಡಾ ಹಾಸ್ಟೆಲಿನ ಕಡೆ ಹೋಗುತ್ತದೆ. ಮಣ್ಣಿನವನು ಮ್ಯಾಟಿನಲ್ಲಿ ಸೋಲುತ್ತಾನೆ ಎಂಬುದು ಅರ್ಧಸತ್ಯ. ಮಣ್ಣಿನಲ್ಲೇ ಬೆಳೆದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟಿಗೆ ಹೊಸಬರಾಗಿದ್ದೂ ಆರನೆಯವರಾದರು, 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ಮಣ್ಣು ಅವರನ್ನು ಕೆಡಿಸಲಿಲ್ಲ. ಆದರೆ ಮ್ಯಾಟಿನಲ್ಲಿ ಆಡಿದವನಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದರಲ್ಲಿ ಅವನ ಹೆಸರು, ಅಪ್ಪನ ಹೆಸರು, ದಿನಾಂಕ ಇರುತ್ತದೆ. ಔರಾದಿನ ಹುಡುಗ ಜಾತ್ರೆಯ ತಿಂಗಳುಗಳಲ್ಲಿ ಮಣ್ಣಿಗಿಳಿದು ನಾಲ್ಕು ಕಾಸು ಮಾಡಿಕೊಂಡು, ಉಳಿದ ತಿಂಗಳು ಆ ಕಾಗದಕ್ಕಾಗಿ ಮ್ಯಾಟ್ ಹುಡುಕುತ್ತಾನಾದರೆ ಅವನನ್ನು ಪರಂಪರೆಯ ದ್ರೋಹಿ ಎನ್ನುವುದು ಹೊಟ್ಟೆ ತುಂಬಿದವರ ಮಾತು.

ತಾಲೀಮಿನ ಬಗ್ಗೆ ನನ್ನ ತೀರ್ಪು ಇಷ್ಟು. ಅದು ಮೈಯನ್ನು ಬಲ್ಲ, ಮಣ್ಣನ್ನು ಬಲ್ಲ ಶಾಲೆ. ಜಾತಿ ಮತಗಳ ವಿಷಯದಲ್ಲಿ ಸುತ್ತಲಿನ ಸಮಾಜಕ್ಕಿಂತ ಉದಾರ, ಹೆಣ್ಣಿನ ವಿಷಯದಲ್ಲಿ ಅಷ್ಟೇ ಜಿಪುಣ. ಬರವಣಿಗೆಯ ವಿಷಯದಲ್ಲಿ ಪೂರ್ತಿ ಸೋಮಾರಿ. ಮೊದಲ ಎರಡು ಗುಣಗಳು ಉಳಿಯಬೇಕಾದರೆ ಕೊನೆಯ ಸೋಮಾರಿತನ ಬಿಡಬೇಕು. ಮುಖವಾಡ ಬೇಡ, ಕೋರ್ಟಿನಲ್ಲಿ ಕಾದಾಡುವ ಟ್ರೇಡ್‌ಮಾರ್ಕೂ ಬೇಡ. ನಮ್ಮ ದೇವಸ್ಥಾನಗಳ ಗೋಡೆಗಳ ಮೇಲೆ ಐನೂರ ಒಂದು, ಸಾವಿರದ ಒಂದು ರೂಪಾಯಿ ದೇಣಿಗೆ ಕೊಟ್ಟವರ ಹೆಸರನ್ನು ಕಲ್ಲಲ್ಲಿ ಕೆತ್ತಿಸುತ್ತೇವೆ. ಔರಾದ್, ಭಾಲ್ಕಿ, ಬೀದರಿನ ಜಾತ್ರಾ ಸಮಿತಿಯವರಲ್ಲಿ ನನ್ನದೊಂದು ಬೇಡಿಕೆ: ಬರುವ ಜಾತ್ರೆಯಿಂದ ಅದರ ಪಕ್ಕದಲ್ಲೇ ಇನ್ನೊಂದು ಫಲಕ ಹಾಕಿ. ಅದರಲ್ಲಿ ಆ ವರ್ಷ ಕಡಗ ಗೆದ್ದವನ ಹೆಸರು, ಅವನ ಅಪ್ಪನ ಹೆಸರು, ಅವನ ಉಸ್ತಾದನ ಹೆಸರು ಬರೆಸಿ.