ಫೇಲಾದವನ ಕೈಗೆ ವಿಮಾನ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಮಕ್ಕಳನ್ನು ಪೈಲಟ್ ತರಬೇತಿಗೆ ಕಳಿಸಿದ ಮನೆಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಹಾರಾಟದ ಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ ಏರ್‌ಲೈನ್ ಕೆಲಸದ ಆಸೆ ಬಿಟ್ಟಂತೆಯೇ. “ಫೇಲಾದವನ ಕೈಗೆ ವಿಮಾನ ಯಾರು ಕೊಡ್ತಾರಪ್ಪಾ?” ಎಂದು ಹಿರಿಯರು ಕೇಳಿದರೆ ಹುಡುಗರ ಬಳಿ ಉತ್ತರವಿರುವುದಿಲ್ಲ. ಭತ್ತ, ಮೆಣಸಿನಕಾಯಿ ಮಾರಿದ ಹಣಕ್ಕೆ ಬ್ಯಾಂಕ್ ಸಾಲ ಸೇರಿಸಿ ಅರ್ಧ ಕೋಟಿಗೂ ಮೀರಿ ಸುರಿದವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಈ ನಂಬಿಕೆ ತಪ್ಪು. ತಪ್ಪಷ್ಟೇ ಅಲ್ಲ, ಪ್ರಯಾಣಿಕರ ಜೀವಕ್ಕೂ ಅದು ಒಳ್ಳೆಯದಲ್ಲ.

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೇಳುವುದು 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ಅಭ್ಯರ್ಥಿಯದೇ ಆಗಿರಬೇಕು. ಜೊತೆಗೆ ಹಗಲಿನ, ರಾತ್ರಿಯ ಪರೀಕ್ಷೆಗಳಿವೆ. ನಮ್ಮ ಕಡೆಯ ಹುಡುಗನೊಬ್ಬ ಸೆಸ್ನಾ 172ರಲ್ಲಿ ಪರೀಕ್ಷಕರ ಪಕ್ಕ ಕೂತಿದ್ದಾನೆ ಎಂದುಕೊಳ್ಳಿ. ಪರೀಕ್ಷಕರು ಥ್ರಾಟಲ್ ಹಿಂದಕ್ಕೆಳೆದು, “ಇಂಜಿನ್ ಹೋಯ್ತು, ಎಲ್ಲಿ ಇಳಿಸ್ತೀಯ?” ಎನ್ನುತ್ತಾರೆ. ಅವನು ವೇಗವನ್ನು 65 ನಾಟ್ ಆಸುಪಾಸಿಗೆ ತರಬೇಕು, ಹೊಗೆ ವಾಲಿದ ದಿಕ್ಕು ನೋಡಿ ಗಾಳಿಯನ್ನು ಅಂದಾಜಿಸಬೇಕು, ಹೊಲವೊಂದನ್ನು ಆರಿಸಬೇಕು. ಮೇಲಿನಿಂದ ನೋಡಿದರೆ ತುಂಗಭದ್ರಾ ಕಾಲುವೆಯ ನೀರುಂಡ ಭತ್ತದ ಗದ್ದೆಯಷ್ಟು ಸಮತಟ್ಟಾದದ್ದು ಬೇರೊಂದಿಲ್ಲ. ಅಲ್ಲಿ ಇಳಿದರೆ ಚಕ್ರ ಕೆಸರಲ್ಲಿ ಹೂತು ವಿಮಾನ ಮಗುಚಿಕೊಳ್ಳಬಹುದು. ಕೆಸರು ತಪ್ಪಿದರೂ ಬದು ತಪ್ಪುವುದಿಲ್ಲ. ಕಟಾವು ಮುಗಿದು ಒಣಗಿದ ಜೋಳದ ಹೊಲ ಎಷ್ಟೋ ವಾಸಿ, ಅದೂ ಗಾಳಿಗೆ ಎದುರಾಗಿ ಉದ್ದವಾಗಿ ಸಿಕ್ಕರೆ. ಗಾಬರಿಯಲ್ಲಿ ಹುಡುಗ ಹಸಿರು ಗದ್ದೆ ತೋರಿಸಿದ, ಫೇಲಾದ. ಶಿಕ್ಷಕರ ಜೊತೆ ಮತ್ತೆ ಕೆಲವು ಸಲ ಹಾರಿ ಅದೇ ಅಭ್ಯಾಸ ಮಾಡಿದ, ಮುಂದಿನ ಸಲ ಪಾಸಾದ. ಇವನು ಇನ್ನು ಜನ್ಮದಲ್ಲಿ ನೀರು ನಿಂತ ಗದ್ದೆಯನ್ನು ಆರಿಸುವುದಿಲ್ಲ. ಆ ಪ್ರಶ್ನೆಯನ್ನೇ ಎದುರಿಸದೆ ಅದೃಷ್ಟದಿಂದ ಪಾಸಾದವನ ಬಗ್ಗೆ ಆ ಮಾತು ಹೇಳಲು ಬರುವುದಿಲ್ಲ.

ನನ್ನ ವಾದಕ್ಕೆ ಎದುರಾಗಿ ಮುಂದಿಡುವ ದೊಡ್ಡ ಸಾಕ್ಷಿ ಅಮೆರಿಕದ್ದು. 2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ವೇಗ ಕುಸಿದು ಎಚ್ಚರಿಕೆ ಬಂದಾಗ ಮೂಗನ್ನು ಕೆಳಕ್ಕೆ ತಗ್ಗಿಸಬೇಕಾಗಿದ್ದ ಕ್ಯಾಪ್ಟನ್ ಮೇಲಕ್ಕೆ ಎಳೆದಿದ್ದರು. ಅವರು ಹಿಂದೆ ಹಲವು ಹಾರಾಟ ಪರೀಕ್ಷೆಗಳಲ್ಲಿ ಫೇಲಾಗಿದ್ದದ್ದು ನಿಜ. ಆದರೆ ತನಿಖಾ ವರದಿಯನ್ನು ಪೂರ್ತಿ ಓದಬೇಕು. ಕೆಲಸಕ್ಕೆ ಅರ್ಜಿ ಹಾಕುವಾಗ ಅವರು ಎಲ್ಲ ವೈಫಲ್ಯಗಳನ್ನೂ ತಿಳಿಸಿರಲಿಲ್ಲ. ಹಿಂದುಳಿದ ಪೈಲಟ್‌ಗಳನ್ನು ಗುರುತಿಸಿ ತಿದ್ದುವ ಸರಿಯಾದ ವ್ಯವಸ್ಥೆ ಕಂಪನಿಯಲ್ಲೂ ಇರಲಿಲ್ಲ. 2019ರಲ್ಲಿ ಟೆಕ್ಸಾಸ್‌ನಲ್ಲಿ ಅಟ್ಲಾಸ್ ಏರ್ ಸರಕು ವಿಮಾನ ಬಿದ್ದಾಗಲೂ ಮುಚ್ಚಿಟ್ಟ ತರಬೇತಿ ವೈಫಲ್ಯಗಳೇ ಹೊರಬಂದವು.

ನಮ್ಮಲ್ಲೇ ನೋಡಿ. 2011ರಲ್ಲಿ ಗೋವಾದಲ್ಲಿ ವಿಮಾನವೊಂದರ ಮುಂಚಕ್ರ ಮೊದಲು ನೆಲಕ್ಕೆ ಬಡಿದ ಪ್ರಕರಣವನ್ನು ಕೆದಕಿದಾಗ, ಪೈಲಟ್ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದದ್ದು ಬಯಲಾಯಿತು. ಬೆನ್ನಲ್ಲೇ ಅಂಥ ಇನ್ನೂ ಕೆಲವರು ಸಿಕ್ಕಿಬಿದ್ದರು. ಆ ಅಂಕಪಟ್ಟಿ ಹಾರಾಟದ ಪರೀಕ್ಷೆಯದಲ್ಲ, ಬರವಣಿಗೆಯ ಪರೀಕ್ಷೆಯದು. ರೋಗ ಮಾತ್ರ ಒಂದೇ. ಫೇಲಾದದ್ದು ಯಾರಿಗೂ ಕಾಣಬಾರದು ಎಂಬ ಹಟ ಹಿಡಿದ ಕಡೆ ಸುಳ್ಳು ಕಾಗದ ಹುಟ್ಟುತ್ತದೆ.

ಎಷ್ಟು ಸಲ ಫೇಲಾದರೂ ಚಿಂತೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂದೇ ತಪ್ಪಿಗೆ ಮತ್ತೆ ಮತ್ತೆ ಫೇಲಾದವನನ್ನು ಏರ್‌ಲೈನ್ ಅನುಮಾನದಿಂದ ನೋಡುವುದು ನ್ಯಾಯ, ನೋಡಲೇಬೇಕು. ಒಂದೆರಡು ಸಲ ಬೇರೆ ಬೇರೆ ಕಾರಣಕ್ಕೆ ಎಡವಿ, ಸರಿಪಡಿಸಿಕೊಂಡು, ಕೇಳಿದಾಗ ಇದ್ದದ್ದು ಇದ್ದಂತೆ ಹೇಳುವವನ ಕಥೆ ಬೇರೆ. ಏರ್‌ಲೈನ್ ಸೇರಿದ ಮೇಲೂ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಇದ್ದೇ ಇದೆ. ತಲೆ ನರೆತ ಕ್ಯಾಪ್ಟನ್ ಕೂಡ ಅಲ್ಲಿ ಫೇಲಾದರೆ ಮತ್ತೆ ತರಬೇತಿ ಪಡೆದು ಪಾಸಾಗಿಯೇ ಹಾರಬೇಕು.

ಇನ್ನು, ಕಳಂಕವಿಲ್ಲದ ದಾಖಲೆ ಕೆಲಸ ಕೊಡಿಸುತ್ತದೆ ಎಂಬ ಭರವಸೆ ಎಲ್ಲಿದೆ? 2012ರಲ್ಲಿ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ನಿಂತಾಗ, 2019ರಲ್ಲಿ ಜೆಟ್ ಏರ್‌ವೇಸ್ ಮುಚ್ಚಿದಾಗ ಎಂದೂ ಫೇಲಾಗದವರೂ ಬೀದಿಗೆ ಬಿದ್ದರು.

ಆದ್ದರಿಂದ ಕಲಬುರಗಿಗೋ ಬೆಳಗಾವಿಗೋ ಜಕ್ಕೂರಿಗೋ ಮಗಳನ್ನು ಕಳಿಸುವ ತಂದೆತಾಯಿಗೆ ಹೇಳಬೇಕಾದದ್ದು ಇಷ್ಟು. ಸಾಲದ ಲೆಕ್ಕವನ್ನು 200 ಗಂಟೆಗೇ ನಿಲ್ಲಿಸಬೇಡಿ. ಮರುತರಬೇತಿಯ ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ ಬೇಕು. ಆ ಹಣ ಮೊದಲೇ ಎತ್ತಿಟ್ಟಿದ್ದರೆ ಅವಳು ಸೋಲನ್ನು ಮುಚ್ಚಿಡಬೇಕಾಗುವುದಿಲ್ಲ. ಶಾಲೆಗಳು ಯಾವ ಕಸರತ್ತಿನಲ್ಲಿ ತಪ್ಪಾಯಿತು ಎಂಬುದನ್ನು ಬರಹದಲ್ಲಿ ಕೊಡಲಿ, ಅದನ್ನು ತಿದ್ದಿಕೊಳ್ಳಲು ಎಷ್ಟು ಗಂಟೆ ಹಾರಿದಳು ಎಂಬುದು ದಾಖಲೆಯಲ್ಲಿ ಇರಲಿ. ಸಂದರ್ಶನಕ್ಕೆ ಹೋದಾಗ ಅವಳು ಆ ಕಾಗದಗಳನ್ನು ತಾನೇ ಮುಂದಿಟ್ಟು ಮಾತಾಡಲಿ.