ಸೋತವನ ಸಾಕ್ಷ್ಯ

ಡೇವಿಡ್ ಫಿಂಚರ್‌ನ ‘ಮ್ಯಾಂಕ್’ 2020ರಲ್ಲಿ ಬಂದ ಮೇಲೆ ಕ್ಯಾಲಿಫೋರ್ನಿಯಾದ 1934ರ ಗವರ್ನರ್ ಚುನಾವಣೆ ಸಿನಿಮಾ ನೋಡುವವರಿಗೆಲ್ಲ ಗೊತ್ತಾಗಿದೆ. ಗೊತ್ತಾಗಿರುವುದು ಇಷ್ಟು: ‘ದಿ ಜಂಗಲ್’ ಬರೆದ ಅಪ್ಟನ್ ಸಿಂಕ್ಲೇರ್ ಬಡವರ ಪರವಾಗಿ ನಿಂತ, ಎಂಜಿಎಂ ಸ್ಟುಡಿಯೋ ನ್ಯೂಸ್‌ರೀಲ್‌ಗಳನ್ನು ಹೊಸೆದು ಥಿಯೇಟರುಗಳಲ್ಲಿ ಓಡಿಸಿತು, ಜನ ಬೆದರಿದರು, ಸಿಂಕ್ಲೇರ್ ಸೋತ. ಈ ಚುನಾವಣೆಯ ಬಗ್ಗೆ ಯಾರೇ ಬರೆಯಲಿ, ಈಗ ಇದೇ ಕಥೆ. ಇದರಲ್ಲಿ ಸುಳ್ಳಿನ ಅಂಶವಿಲ್ಲ. ನ್ಯೂಸ್‌ರೀಲ್‌ಗಳು ಇದ್ದವು, ಸ್ಟುಡಿಯೋಗಳು ನೌಕರರ ಒಂದು ದಿನದ ಸಂಬಳವನ್ನು ಎದುರಾಳಿ ಫ್ರಾಂಕ್ ಮೆರಿಯಮ್‌ನ ನಿಧಿಗೆ ವಸೂಲು ಮಾಡಿದ್ದೂ ಹೌದು. ನನ್ನ ತಕರಾರು ಬೇರೆ. ಈ ಕಥೆಯನ್ನು ಮೊದಲು ಕಟ್ಟಿಕೊಟ್ಟವನು ಸೋತ ಅಭ್ಯರ್ಥಿಯೇ. ತೊಂಬತ್ತು ವರ್ಷಗಳಿಂದ ಅವನ ಸಬೂಬನ್ನೇ ನಾವು ಚರಿತ್ರೆ ಎಂದು ಒಪ್ಪಿಕೊಂಡು ಬಂದಿದ್ದೇವೆ.

ಸಿಂಕ್ಲೇರ್ ಈ ಚುನಾವಣೆಗಾಗಿ ಎರಡು ಪುಸ್ತಕ ಬರೆದ, ಒಂದು ಮುಂಚೆ, ಒಂದು ಆಮೇಲೆ. 1933ರ ಶರತ್ಕಾಲದಲ್ಲಿ ಬಂದ ‘ಐ, ಗವರ್ನರ್ ಆಫ್ ಕ್ಯಾಲಿಫೋರ್ನಿಯಾ, ಅಂಡ್ ಹೌ ಐ ಎಂಡೆಡ್ ಪಾವರ್ಟಿ’ 64 ಪುಟದ ಪುಸ್ತಿಕೆ. ಸೋತ ಬಳಿಕ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ, 1935ರಲ್ಲಿ ಪುಸ್ತಕವಾಗಿ ಬಂದದ್ದು ‘ಐ, ಕ್ಯಾಂಡಿಡೇಟ್ ಫಾರ್ ಗವರ್ನರ್: ಅಂಡ್ ಹೌ ಐ ಗಾಟ್ ಲಿಕ್ಡ್’. ವಿದ್ವಾಂಸರು ಮುಟ್ಟುವುದು ಎರಡನೆಯದನ್ನು. ಸಂಬಳಕ್ಕೂ ತಿಳಿವಳಿಕೆಗೂ ಇರುವ ನಂಟಿನ ಬಗ್ಗೆ ಸಿಂಕ್ಲೇರ್‌ನ ಹೆಸರಲ್ಲಿ ಓಡಾಡುವ ಮಾತೂ ಅದರದ್ದೇ. ಆ ಒಂದು ಸಾಲನ್ನು ಬಿಟ್ಟು ಪುಸ್ತಕ ಓದಿದವರು ಕಡಿಮೆ. ಮೊದಲನೆಯದನ್ನು ಎಲ್ಲರೂ ಪ್ರಚಾರದ ಕರಪತ್ರವೆಂದು ಪಕ್ಕಕ್ಕಿಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಆ ಕರಪತ್ರವೇ ಕೃತಿ.

ಅದರ ಉಪಾಯವನ್ನು ಬಿಡಿಸಿ ನೋಡಬೇಕು. ‘ಭವಿಷ್ಯದ ನಿಜಕಥೆ’ ಎಂದು ಅದು ತನ್ನನ್ನು ತಾನೇ ಕರೆದುಕೊಳ್ಳುತ್ತದೆ. ನಡೆಯಬೇಕಾದದ್ದನ್ನು ನಡೆದುಹೋದಂತೆ ಬರೆಯುವುದು ಅಮೆರಿಕದಲ್ಲಿ ಹೊಸದಾಗಿರಲಿಲ್ಲ. ಎಡ್ವರ್ಡ್ ಬೆಲ್ಲಮಿ 1888ರಲ್ಲೇ ತನ್ನ ನಾಯಕನನ್ನು ನಿದ್ದೆಗೆ ಹಾಕಿ 2000ನೇ ಇಸವಿಯಲ್ಲಿ ಎಬ್ಬಿಸಿದ್ದ. ಆದರೆ ಬೆಲ್ಲಮಿಗೆ ಶತಮಾನದ ಆಸರೆಯಿತ್ತು. ಅವನ ಓದುಗರಲ್ಲಿ ಯಾರೂ ಆ ಇಸವಿಯವರೆಗೆ ಬದುಕಿ ತಾಳೆ ನೋಡುವಂತಿರಲಿಲ್ಲ. ಸಿಂಕ್ಲೇರ್ ಆ ಅಂತರವನ್ನು ಐದು ವರ್ಷಕ್ಕೆ ಇಳಿಸಿದ. ನಾಯಕನಿಗೆ ತನ್ನದೇ ಹೆಸರು, ರಾಜ್ಯಕ್ಕೆ ನಿಜದ ಹೆಸರು, ಚುನಾವಣೆಗೆ ಕ್ಯಾಲೆಂಡರಿನಲ್ಲೇ ಇರುವ ವರ್ಷ. ಪಾಳು ಬಿದ್ದ ಜಮೀನು, ಬೀಗ ಹಾಕಿದ ಕಾರ್ಖಾನೆಗಳನ್ನು ಸರ್ಕಾರ ಹಿಡಿಯುತ್ತದೆ; ಕೆಲಸ ಕಳೆದುಕೊಂಡವರು ಅಲ್ಲಿ ತಮಗೆ ಬೇಕಾದದ್ದನ್ನು ತಾವೇ ಬೆಳೆದು, ತಯಾರಿಸಿ, ಸರ್ಕಾರದ ಚೀಟಿ ಕೊಟ್ಟು ಕೊಳ್ಳುತ್ತಾರೆ; ಮಾರಾಟ ತೆರಿಗೆ ಹೋಗಿ ಆದಾಯ ತೆರಿಗೆ ಬರುತ್ತದೆ; 60 ದಾಟಿದ ಬಡವರಿಗೆ ತಿಂಗಳಿಗೆ 50 ಡಾಲರ್ ಪಿಂಚಣಿ. ಇದೇ ‘ಎಪಿಕ್’, ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಬಡತನ ನಿಲ್ಲಿಸುವ ಯೋಜನೆ. ಪಕ್ಷದ ಪ್ರಣಾಳಿಕೆ ಮಾಡುತ್ತೇವೆ ಎನ್ನುತ್ತದೆ. ಈ ಪುಸ್ತಿಕೆ ಮಾಡಿ ಮುಗಿಸಿದೆ ಎನ್ನುತ್ತದೆ. ಓದುಗ ಮತ ಹಾಕಿದರೆ ಕಥೆ ಚರಿತ್ರೆಯಾಗುತ್ತದೆ, ಹಾಕದಿದ್ದರೆ ಕಟ್ಟುಕಥೆಯಾಗಿಯೇ ಉಳಿಯುತ್ತದೆ. ಓದುವವನ ಮೇಲೆ ಇಷ್ಟು ಭಾರ ಹೊರಿಸಿದ ರಾಜಕೀಯ ಬರವಣಿಗೆ ಆ ಕಾಲದಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಈ ಉಪಾಯ ಫಲಿಸಿತು. 1930ರಲ್ಲಿ ಸೋಷಲಿಸ್ಟ್ ಪಕ್ಷದಿಂದ ನಿಂತು ಐವತ್ತು ಸಾವಿರದಷ್ಟು ಮತ ಪಡೆದಿದ್ದ ಮನುಷ್ಯ, ಡೆಮಾಕ್ರಟಿಕ್ ಪಕ್ಷಕ್ಕೆ ಬಂದು, 1934ರ ಆಗಸ್ಟ್ 28ರ ಪ್ರೈಮರಿಯಲ್ಲಿ 4,36,220 ಮತ ಗಳಿಸಿ ಜಾರ್ಜ್ ಕ್ರೀಲ್‌ನನ್ನು ಸೋಲಿಸಿದ. ಪ್ರಚಾರದ ಖರ್ಚಿಗೂ ಪುಸ್ತಿಕೆಯ ಮಾರಾಟವೇ ಆಧಾರ. ಸೋಷಲಿಸ್ಟರ ಹೊಸ ಅಭ್ಯರ್ಥಿಗೆ ನವೆಂಬರಿನಲ್ಲಿ ಮೂರು ಸಾವಿರ ಮತವೂ ಬೀಳಲಿಲ್ಲ. ಪಕ್ಷವನ್ನೇ ಬರಿದು ಮಾಡಿಬಿಡುವ ಬರಹ ಎಂದರೆ ಇದು.

ಈಗ ಕೊನೆಯ ಪುಟಗಳಿಗೆ ಬರೋಣ, ಏಕೆಂದರೆ ಸೋಲು ಅಲ್ಲೇ ಇದೆ. ಬಡತನ ತೊಲಗಿತೆಂದು ಸಾರುವ ಹೊತ್ತಿಗೆ ಇಡೀ ರಾಜ್ಯದಲ್ಲಿ ಉಳಿದ ಬಡವ ಒಬ್ಬನೇ, ಗುಹೆಯೊಂದರಲ್ಲಿ ಇರುವ ವಿರಕ್ತ. ತನ್ನ ಕೆಲಸ ಮುಗಿಯಿತೆಂದು ಗವರ್ನರ್ ಕಾದಂಬರಿ ಬರೆಯಲು ಮನೆಗೆ ಹೊರಡುತ್ತಾನೆ. ತಮಾಷೆ ಸೊಗಸಾಗಿದೆ, ನಗು ಬರುತ್ತದೆ. ಆದರೆ ಆ ವಿರಕ್ತ ಯಾರು? ಯೋಜನೆಯ ಹೊರಗೆ ತಾನಾಗಿ ನಿಂತ ಏಕೈಕ ಮನುಷ್ಯ. ಬೇಡ ಎನ್ನುವ ಹಕ್ಕನ್ನು ಸಿಂಕ್ಲೇರ್ ಲಕ್ಷಾಂತರ ಜನರಲ್ಲಿ ಒಬ್ಬನಿಗೆ ಕೊಡುತ್ತಾನೆ, ಅವನೂ ಸಂತ. ಬಡವನಲ್ಲದ, ಹಣವಂತರ ಕೈಗೊಂಬೆಯೂ ಅಲ್ಲದ, ಸುಮ್ಮನೆ ಅನುಮಾನ ಉಳಿಸಿಕೊಂಡ ಮತದಾರನಿಗೆ ಈ ಭವಿಷ್ಯದಲ್ಲಿ ಮನೆಯಿಲ್ಲ. ಕಾದಂಬರಿಕಾರ ತನ್ನ ಪಾತ್ರಗಳನ್ನು ಕರೆದುಕೊಂಡು ಹೋದಷ್ಟು ಸಲೀಸಾಗಿ ಸಿಂಕ್ಲೇರ್ ರಾಜ್ಯವನ್ನು ಕರೆದುಕೊಂಡು ಹೋಗುತ್ತಾನೆ.

ನವೆಂಬರ್ 6ರಂದು ಅಂಥ ಮತದಾರ ಗುಹೆಯಿಂದಲ್ಲ, ಊರೂರಿನಿಂದ ಬಂದ. ರಿಪಬ್ಲಿಕನ್ ಮೆರಿಯಮ್‌ಗೆ 11,38,629, ಸಿಂಕ್ಲೇರ್‌ಗೆ 8,79,537, ಕಾಮನ್‌ವೆಲ್ತ್ ಮತ್ತು ಪ್ರೋಗ್ರೆಸಿವ್ ಪಕ್ಷಗಳ ರೇಮಂಡ್ ಹೈಟ್‌ಗೆ 3,02,519. ಗೆದ್ದವನಿಗೆ ಅರ್ಧದಷ್ಟೂ ಮತ ಬಿದ್ದಿಲ್ಲ. ಹೈಟ್‌ನ ಮತವೆಲ್ಲ ಸಿಂಕ್ಲೇರ್‌ಗೇ ಬರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಒಳ್ಳೆಯ ಪಾಲು ಮೆರಿಯಮ್‌ಗೆ ಹೋಗಬಹುದಿತ್ತು. ಆದರೆ ಸಿನಿಮಾ ನೋಡಿ ಬೆದರಿ ರಿಪಬ್ಲಿಕನ್ನರ ತೆಕ್ಕೆಗೆ ಓಡಿದ ಜನ ಎಂಬ ಚಿತ್ರಕ್ಕೂ ಈ ಅಂಕಿಗಳಿಗೂ ಹೊಂದಿಕೆಯಿಲ್ಲ. ಸಿಂಕ್ಲೇರ್, ಹೈಟ್ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲಿ ಎಂಬ ಮಾತುಕತೆ ಅಕ್ಟೋಬರಿನಲ್ಲಿ ನಡೆದು ಮುರಿಯಿತು. ಕ್ರೀಲ್ ಕೈಬಿಟ್ಟ. ಸೆಪ್ಟೆಂಬರ್ 4ರಂದು ಹೈಡ್ ಪಾರ್ಕಿನಲ್ಲಿ ಸಿಂಕ್ಲೇರ್‌ನನ್ನು ನಗುನಗುತ್ತಾ ಮಾತಾಡಿಸಿ ಕಳಿಸಿದ ಅಧ್ಯಕ್ಷ ರೂಸ್‌ವೆಲ್ಟ್ ಕೊನೆಯವರೆಗೂ ಬೆಂಬಲದ ಒಂದು ಮಾತು ಆಡಲಿಲ್ಲ. ನ್ಯೂಸ್‌ರೀಲ್‌ಗಳ ಅಬ್ಬರ ಏರುವ ಹೊತ್ತಿಗೆ ಪಕ್ಷ ಒಳಗಿಂದಲೇ ಸೀಳಿತ್ತು.

ಎರಡನೆಯ ಪುಸ್ತಕ ಇದನ್ನೆಲ್ಲ ಮುಚ್ಚಿಡುವುದಿಲ್ಲ, ಹೇಳುತ್ತದೆ. ಆದರೆ ಅದರ ಕಾವು ಇರುವುದು ಪತ್ರಿಕೆಗಳ ಮೇಲಿನ ಸಿಟ್ಟಿನಲ್ಲಿ. ‘ಲಾಸ್ ಏಂಜಲೀಸ್ ಟೈಮ್ಸ್’ ಮುಖಪುಟದಲ್ಲಿ ಚೌಕಟ್ಟು ಹಾಕಿ ದಿನವೂ ಸಿಂಕ್ಲೇರ್‌ನ ಬರಹದಿಂದ ಒಂದು ತುಣುಕು ಅಚ್ಚು ಹಾಕುತ್ತಿತ್ತು. ಕಾದಂಬರಿಯ ಪಾತ್ರ ಆಡಿದ ಮಾತನ್ನು ನನ್ನ ತಲೆಗೆ ಕಟ್ಟಿದರು ಎಂಬುದು ಅವನ ದೂರು. ನಂತರ ಬರೆದ ಪ್ರತಿಯೊಬ್ಬರೂ ಅದನ್ನು ಹಾಗೇ ಒಪ್ಪಿದ್ದಾರೆ. ಸಾಹಿತ್ಯ ಗೊತ್ತಿರುವವರಿಗೆ ಇಂಥ ದೂರು ಕೇಳಿದೊಡನೆ ಕರುಣೆ ಉಕ್ಕುವುದು ಸಹಜ. ನನಗೆ ಉಕ್ಕುವುದಿಲ್ಲ. ಮದುವೆಯ ಬಗ್ಗೆ ಹೆಚ್ಚು ಗದ್ದಲ ಎಬ್ಬಿಸಿದ ತುಣುಕು 1911ರ ‘ಲವ್ಸ್ ಪಿಲ್ಗ್ರಿಮೇಜ್’ನದು, ಅದರ ನಾಯಕ ಥೈರ್ಸಿಸ್ ಸಿಂಕ್ಲೇರ್‌ನದೇ ಪ್ರತಿರೂಪ. ಚರ್ಚುಗಳನ್ನು ಕುರಿತ ತುಣುಕುಗಳು ‘ದಿ ಪ್ರಾಫಿಟ್ಸ್ ಆಫ್ ರಿಲಿಜನ್’ನವು, ಅಲ್ಲಿ ಪಾತ್ರವೇ ಇಲ್ಲ, ಲೇಖಕನೇ ನೇರವಾಗಿ ಮಾತಾಡುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಕಲ್ಪನೆಯನ್ನು ‘ನಿಜಕಥೆ’ ಎಂದು ಮತದಾರನ ಕೈಗಿಟ್ಟವನು ಯಾರು? ‘ಐ’ ಎಂದರೆ ನಾನೇ, ಗವರ್ನರ್ ಸಿಂಕ್ಲೇರ್ ಎಂದು ಮುಖಪುಟದಲ್ಲೇ ಸಹಿ ಹಾಕಿದ ಮೇಲೆ ಪಾತ್ರಕ್ಕೂ ಕರ್ತೃವಿಗೂ ನಡುವಿನ ಗೋಡೆಯನ್ನು ಕೆಡವಿದವನು ಅವನೇ. ಎದುರಾಳಿಗಳು ಆ ದಾರಿಯಲ್ಲಿ ಒಳಗೆ ನುಗ್ಗಿದರು. ಅವರು ಮಾಡಿದ್ದು ಕೆಟ್ಟ ಕೆಲಸ, ಸಂದೇಹವಿಲ್ಲ. ಆದರೂ ಅವರ ಪರ ದುಡಿದ ವಿಟೇಕರ್ ಮತ್ತು ಬ್ಯಾಕ್ಸ್ಟರ್ ಜೋಡಿಯ ಪ್ರಚಾರ ಕಂಪನಿ ಆ ವರ್ಷ ಸಿಂಕ್ಲೇರ್‌ನನ್ನು ಎಷ್ಟು ಶ್ರದ್ಧೆಯಿಂದ ಓದಿತೋ ಅಷ್ಟು ಶ್ರದ್ಧೆಯಿಂದ ಅವನ ಅಭಿಮಾನಿಗಳು ಓದಲಿಲ್ಲ ಎಂದು ಹೇಳಲೇಬೇಕು.

ಗ್ರೆಗ್ ಮಿಚೆಲ್ 1992ರ ‘ದಿ ಕ್ಯಾಂಪೇನ್ ಆಫ್ ದಿ ಸೆಂಚುರಿ’ಯಲ್ಲಿ ಈ ಚುನಾವಣೆಯನ್ನು ಮಾಧ್ಯಮ ರಾಜಕಾರಣದ ಹುಟ್ಟು ಎಂದು ಕರೆದ, ಉಳಿದವರೆಲ್ಲ ಅವನ ಬೆನ್ನಿಗೆ. ಅವನ ಶ್ರಮಕ್ಕೆ ಗೌರವವಿದೆ, ದಿನದಿನದ ವಿವರ ಕೂಡಿಸಿದ್ದಾನೆ. ಆದರೆ ಆ ದಿನಚರಿ ಶುರುವಾಗುವುದೇ ಪ್ರೈಮರಿ ಮುಗಿದ ಮೇಲೆ. ಪುಸ್ತಿಕೆ ಊರೂರು ಸುತ್ತಿ ಎಪಿಕ್ ಕ್ಲಬ್ಬುಗಳನ್ನು ಹುಟ್ಟಿಸಿದ ಆ ಒಂದು ವರ್ಷ ಬರಿಯ ಹಿನ್ನೋಟವಾಗಿ ಬರುತ್ತದೆ. ಗೆದ್ದ ಬರಹವನ್ನು ಹೊರಗಿಟ್ಟು ಸೋಲಿಸಿದ ಚಿತ್ರವನ್ನು ಮಾತ್ರ ನಡುವೆ ಇಟ್ಟರೆ ತೀರ್ಮಾನ ಮೊದಲೇ ಬರೆದಿಟ್ಟಂತೆ. ಸಿನಿಮಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತನ್ನ ನಾಯಕ, ಚಿತ್ರಕಥೆಗಾರ ಮ್ಯಾಂಕೀವಿಜ್‌ನ ಪಾಪಪ್ರಜ್ಞೆಯನ್ನು ಅದಕ್ಕೆ ಅಂಟಿಸಿತು. ಅವನಿಗೂ ನ್ಯೂಸ್‌ರೀಲ್‌ಗಳಿಗೂ ಅಲ್ಲಿ ತೋರಿಸಿದಂಥ ಸಂಬಂಧ ಇರಲಿಲ್ಲ.

ಈ ಎಲ್ಲರೂ ದಾಟಿಹೋಗುವ ಒಂದು ಸಂಗತಿ ಮೆರಿಯಮ್‌ನ ನಡೆ. ಸಿಂಕ್ಲೇರ್‌ನ 50 ಡಾಲರನ್ನು ಹುಚ್ಚು ಎಂದ ಬಣದ ಅಭ್ಯರ್ಥಿ, ಲಾಂಗ್ ಬೀಚಿನ ಡಾಕ್ಟರ್ ಟೌನ್ಸೆಂಡ್‌ನ ಯೋಜನೆಯನ್ನು ಬೆಂಬಲಿಸಿದ: 60 ದಾಟಿದ ಎಲ್ಲರಿಗೂ ತಿಂಗಳಿಗೆ 200 ಡಾಲರ್. ಸಿಂಕ್ಲೇರ್ ಅದನ್ನು ಒಪ್ಪಲಿಲ್ಲ. ಗೆದ್ದ ಮರುವರ್ಷ ರಾಜ್ಯದ ಆದಾಯ ತೆರಿಗೆಗೆ ಸಹಿ ಹಾಕಿದವನೂ ಇದೇ ಮೆರಿಯಮ್. ಪುಸ್ತಿಕೆಯ ಒಂದು ಅಧ್ಯಾಯ ಶತ್ರುವಿನ ಕೈಯಲ್ಲಿ ನಿಜವಾಯಿತು. 1938ರಲ್ಲಿ ಅವನನ್ನು ಸೋಲಿಸಿ ಗವರ್ನರ್ ಆದ ಕಲ್ಬರ್ಟ್ ಓಲ್ಸನ್ 1934ರಲ್ಲಿ ಎಪಿಕ್ ಅಲೆಯ ಮೇಲೇ ರಾಜ್ಯ ಸೆನೆಟ್ಟಿಗೆ ಬಂದಿದ್ದವನು.

ಸಿಂಕ್ಲೇರ್‌ನ ಎರಡು ಪುಸ್ತಕಗಳಲ್ಲಿ ಒಂದನ್ನೇ ಓದಲು ಸಮಯವಿರುವವರು ಮೊದಲನೆಯದನ್ನು ಓದಲಿ. ಎರಡನೆಯದು ಚುರುಕಾಗಿದೆ, ನಗಿಸುತ್ತದೆ, ಹಲವು ಕಡೆ ಸತ್ಯವನ್ನೂ ಹೇಳುತ್ತದೆ. ಆದರೆ ಅದು ವಕೀಲನ ಬರಹ, ಕಕ್ಷಿದಾರನೂ ಅವನೇ.