ತಕರಾರು ಬಂದರೆ ಯಾರು ನಿಲ್ಲಬೇಕು?

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಕ್ರಯಪತ್ರವೊಂದಿದೆ. ಛಾಪಾಕಾಗದ ಮಡಿಕೆಗಳಲ್ಲಿ ಬಿರಿದಿದೆ. ಮೇಲ್ಗಡೆ ಕನ್ನಡದಲ್ಲಿ ‘ಬಳ್ಳಾರಿ ಜಿಲ್ಲೆ, ಆದವಾನಿ ತಾಲೂಕು’. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾದಾಗ ಆದವಾನಿ, ಅಂದರೆ ಆದೋನಿ, ಮತ್ತು ಆಲೂರು ಎರಡೂ ಕರ್ನೂಲಿಗೆ ಸೇರಿದವು. ನಮ್ಮ ಎರೆ ಹೊಲ ಇದ್ದಲ್ಲೇ ಇದೆ.

ಬರವಣಿಗೆಯಾಗಿ ನೋಡಿದರೆ ಪತ್ರದ ಅಂದವೆಲ್ಲ ಚಕ್ಕುಬಂದಿಯಲ್ಲಿದೆ: ಮೂಡಲಿಗೆ ಬೇವಿನ ಮರದ ಬದು, ಪಡುವಲಿಗೆ ಗಾಡಿದಾರಿ, ಬಡಗಲಿಗೆ ಹಳ್ಳ. ಪತ್ರ ಸೋಲುವುದೂ ಅಲ್ಲೇ. ಬೇವು ಎಂದೋ ಸೌದೆಯಾಯಿತು, ಹಳ್ಳ ನಾಲ್ಕು ಮಾರು ಸರಿದಿದೆ.

ನನ್ನ ಕಣ್ಣು ನಿಲ್ಲುವುದು ಕೊನೆಯ ಸಾಲಿನ ಮೇಲೆ. ಮುಂದೆ ಯಾವ ತಂಟೆ ತಕರಾರು ಬಂದರೂ ನಾನೇ ನಿಂತು ಬಗೆಹರಿಸಿಕೊಡುವೆನು ಎನ್ನುತ್ತಾನೆ ಮಾರಿದವನು, ಕೆಳಗೆ ಹೆಬ್ಬೆಟ್ಟು ಒತ್ತಿ. ಈ ಮಾತು ಸರ್ಕಾರದ್ದಲ್ಲ. 1908ರ ನೋಂದಣಿ ಕಾಯ್ದೆಯಲ್ಲಿ ಸಬ್ ರಿಜಿಸ್ಟ್ರಾರರು ನೋಡುವುದು ಪತ್ರ ಬರೆದುಕೊಟ್ಟವನು ಇವನೇ ಹೌದೋ ಎಂಬುದನ್ನು; ಹೊಲ ಅವನದೋ ಎಂಬುದನ್ನಲ್ಲ. ಈಸಿ, ಅಂದರೆ ಋಣಭಾರ ಪತ್ರ, ತೆಗೆಸಿದರೂ ರಿಜಿಸ್ಟ್ರಿ ಆದದ್ದಷ್ಟೇ ಕಾಣುತ್ತದೆ, ಅಣ್ಣತಮ್ಮಂದಿರು ಕಟ್ಟೆಯ ಮೇಲೆ ಬಾಯಿಮಾತಲ್ಲಿ ಹಂಚಿಕೊಂಡದ್ದು ಕಾಣುವುದಿಲ್ಲ. ಹೊಲದ ಪಾಸ್‌ಬುಕ್ಕಾಗಲಿ, ನಮ್ಮ ಪಹಣಿಯ ಜೋಡಿಯಾದ ಅಡಂಗಲ್ಲಾಗಲಿ ಇನ್ನೊಂದು ಕಚೇರಿಯ, ಕಂದಾಯದವರ, ಪುಸ್ತಕ. ಅಲ್ಲಿಯ ನಮೂದೂ ಸುಳ್ಳೆಂದು ಸಾಬೀತಾಗುವ ತನಕ ಮಾತ್ರ ನಿಜ.

ಆ ಕೊನೆಯ ಸಾಲನ್ನು ತಾನೇ ಹೇಳುತ್ತೇನೆಂದು ಆಂಧ್ರ ಸರ್ಕಾರ ಹೊರಟಿತು. ಭೂಹಕ್ಕು ಕಾಯ್ದೆ 2023ರ ಅಕ್ಟೋಬರ್ 31ರಂದು ಜಾರಿಗೆ ಬಂತು. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಟಾರೆನ್ಸ್ ಎಂಬಾತ ತಂದ ಪದ್ಧತಿಯೇ ಇದರ ಬೇರು: ರಿಜಿಸ್ಟರಿನಲ್ಲಿ ಯಾರ ಹೆಸರೋ ಅವರೇ ಒಡೆಯರು. ಆಸೆ ತಪ್ಪಲ್ಲ. ಆದರೆ ಇಲ್ಲಿ ಎರಡು ವರ್ಷದೊಳಗೆ ಆಕ್ಷೇಪಣೆ ಬಾರದಿದ್ದರೆ ನಮೂದೇ ಅಂತಿಮ. ಸಿವಿಲ್ ಕೋರ್ಟಿನ ಬಾಗಿಲು ಬಂದ್. ತಕರಾರನ್ನು ಸರ್ಕಾರದ ಅಧಿಕಾರಿಯೇ ಕೇಳಬೇಕು, ಅವನ ಮೇಲೆ ಮೇಲ್ಮನವಿ ಅಧಿಕಾರಿ, ಆಮೇಲೆ ಏಕ್‌ದಂ ಹೈಕೋರ್ಟು. ಮಳೆ ಕೈಕೊಟ್ಟಾಗ ದುಡಿಮೆಗೆ ಬೆಂಗಳೂರಿಗೋ ಗುಂಟೂರಿಗೋ ಗುಳೆ ಹೋಗುವ ಕೋಸಿಗಿ, ಹೊಳಗುಂದ ಕಡೆಯ ಜನ ಎರಡು ವರ್ಷದೊಳಗೆ ಯಾವ ನೋಟೀಸು ಓದಿಯಾರು? ಭರವಸೆ ಕೊಡುವವನೇ ನ್ಯಾಯ ಹೇಳಲೂ ಕೂತದ್ದು ಈ ಕಾಯ್ದೆಯ ಮೂಲದೋಷ. ವಕೀಲರು ಕಲಾಪ ಬಿಟ್ಟು ಬೀದಿಗಿಳಿದರು. ಪಾಸ್‌ಬುಕ್ಕಿನ ಮೇಲೆ ಮುಖ್ಯಮಂತ್ರಿಯ ಫೋಟೋ ಬೇರೆ! ಚುನಾವಣೆಯಲ್ಲಿ ಸರ್ಕಾರ ಬಿತ್ತು, 2024ರ ಜುಲೈನಲ್ಲಿ ವಿಧಾನಸಭೆ ಕಾಯ್ದೆಯನ್ನೇ ರದ್ದು ಮಾಡಿತು.

ಈಗ ಮತ್ತೆ ಹಳೆಯ ಪತ್ರವೇ ಗತಿ. ಅದರಲ್ಲೂ ಕನ್ನಡದವರಾದ ನಮಗೊಂದು ಹೆಚ್ಚಿನ ತೊಡಕು. ಪತ್ರದ ಭಾಷೆ ರಿಜಿಸ್ಟ್ರಾರರಿಗೆ ತಿಳಿಯದೆ, ಜಿಲ್ಲೆಯಲ್ಲಿ ಬಳಕೆಯಲ್ಲೂ ಇಲ್ಲದಿದ್ದರೆ ಅನುವಾದ ಲಗತ್ತಿಸಬೇಕು ಎನ್ನುತ್ತದೆ ನೋಂದಣಿ ಕಾಯ್ದೆಯ 19ನೇ ಕಲಂ. ಆದೋನಿ ಸಂತೆಯಲ್ಲಿ ದಿನವಿಡೀ ಕಿವಿಗೆ ಬೀಳುವ ಕನ್ನಡವನ್ನು ಬಳಕೆಯಲ್ಲಿಲ್ಲ ಎನ್ನಲು ಹೇಗೆ ಸಾಧ್ಯ? ವಾದಕ್ಕೆ ನಿಲ್ಲುವ ಪುರುಸೊತ್ತು ಯಾರಿಗಿದೆ, ತೆಲುಗಿನಲ್ಲೇ ಬರೆಸುತ್ತೇವೆ. ಮೂಡಲು ತೂರ್ಪು ಆಗುತ್ತದೆ, ಹಳ್ಳ ವಂಕ ಆಗುತ್ತದೆ. ತಕರಾರು ಬಂದರೆ ನಾನೇ ನಿಲ್ಲುತ್ತೇನೆಂಬ ಸಾಲನ್ನು ಪತ್ರ ಬರಹಗಾರ ಕೇಳದೆಯೇ ಟೈಪ್ ಮಾಡಿ, ಹೆಬ್ಬೆಟ್ಟಿಗೆ ಜಾಗ ಬಿಡುತ್ತಾನೆ.